ನಡುಗದ ಮುಳ್ಳು

ಪತ್ತೇದಾರನಾದವನು ಪ್ರಶ್ನೆ ಕೇಳಬೇಕಾದ ಗಳಿಗೆಯಲ್ಲಿ ಬಾಯಿ ತೆರೆದು ಅಂಗಾತ ಮಲಗಿರುವುದು, ಆ ಬಾಯಿಯೊಳಗೆ ಎದುರಾಳಿಯ ಬೆರಳುಗಳೂ ಒಂದು ಪುಟ್ಟ ಕನ್ನಡಿಯೂ ಹತ್ತಿಯ ಉಂಡೆಗಳೂ ಒಟ್ಟಿಗೆ ಬಿಡಾರ ಹೂಡಿರುವುದು, ಅವನ ವೃತ್ತಿಗೆ ಶೋಭೆ ತರುವ ಸಂಗತಿಯಲ್ಲ. ತಕ್ಕಡಿ ಸಾಹೇಬರು ಇದನ್ನು ಬಲ್ಲರು. ಬಲ್ಲರೆಂದೇ ಅವರ ಎರಡು ಕೈಗಳೂ ಕುರ್ಚಿಯ ತೋಳುಗಳನ್ನು ಉಡದಂತೆ ಕಚ್ಚಿ ಹಿಡಿದಿದ್ದವು.

ಹಲ್ಲುನೋವಿನ ನೆಪ ಹೂಡಿ ದಂತವೈದ್ಯರ ಕುರ್ಚಿಯಲ್ಲಿ ಕೂರುವುದು, ಲೋಕಾಭಿರಾಮವಾಗಿ ಮಾತಿಗೆಳೆದು ಅವರ ಬಾಯಿ ಬಿಡಿಸುವುದು ಸಾಹೇಬರ ಯೋಜನೆಯಾಗಿತ್ತು. ಡಾಕ್ಟರು ಮೊದಲು ಅವರ ಬಾಯಿ ಬಿಡಿಸಿದರು. ಒಳಗೆ, ದೇವರ ಲೀಲೆ, ಒಂದು ದವಡೆ ಹಲ್ಲು ನಿಜವಾಗಿಯೂ ಕೆಟ್ಟಿತ್ತು.

ಮೊಕದ್ದಮೆ ಇಷ್ಟೇ. ಡಾಕ್ಟರು ತಮ್ಮ ದುಬಾರಿ ಫೋನಿನ ಒಡೆದ ಗಾಜನ್ನು ಬದಲಿಸಲು ಮಾರುಕಟ್ಟೆಯ ರಿಪೇರಿ ಮಳಿಗೆಗೆ ಕೊಟ್ಟಿದ್ದರು. ಗಾಜೇನೋ ಹೊಸದಾಗಿ ಬಂತು. ಆದರೆ ಫೋನಿನ ತಲೆಯೆನ್ನಬಹುದಾದ ಪ್ರೊಸೆಸರನ್ನೇ ಒಳಗಿನಿಂದ ಕದ್ದು, ಅದರ ಜಾಗಕ್ಕೆ ಯಾವುದೋ ಅಗ್ಗದ್ದನ್ನು ಕೂರಿಸಿದ್ದಾರೆಂದು ಡಾಕ್ಟರು ಮಾರುಕಟ್ಟೆಯ ಸಂಘಕ್ಕೆ ದೂರಿತ್ತರು. ಸಂಜೆ ಶಟರ್ ಎಳೆಯುವ ಹೊತ್ತಿಗೆ ಅಸಲಿ ಪ್ರೊಸೆಸರ್ ಹಿಂತಿರುಗದಿದ್ದರೆ ಆ ಮಳಿಗೆಗೆ ಸಂಘವೇ ಬೀಗ ಜಡಿಯುವುದೆಂದು ತೀರ್ಮಾನವಾಗಿತ್ತು.

ಮಳಿಗೆ ಸಾಹೇಬರ ಅಕ್ಕನ ಮಗಳದು. ಕೂದಲ ಗಂಟಿನಲ್ಲಿ ಸದಾ ಒಂದು ಚಿಮಟ ಸಿಕ್ಕಿಸಿಕೊಂಡಿರುತ್ತಾಳಾದ್ದರಿಂದ ಮಾರುಕಟ್ಟೆಯೆಲ್ಲ ಅವಳನ್ನು ಚಿಮಟ ಎಂದೇ ಕರೆಯುತ್ತದೆ. ಸ್ವಂತ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಕಳ್ಳಿಯೆಂಬ ಮಾತು ಒಮ್ಮೆ ಅಂಟಿತೆಂದರೆ ಊರಿನ ಯಾವ ಬೀದಿಯಲ್ಲೂ ಅವಳ ಕೈಗೆ ಯಾರೂ ಫೋನು ಕೊಡಲಾರರು.

ವಿಚಿತ್ರವೆಂದರೆ ಕಳ್ಳತನದ ಸಾಕ್ಷಿಯನ್ನು ಡಾಕ್ಟರಿಗೆ ತೋರಿಸಿದವಳು ಅವಳೇ. ರಿಪೇರಿ ಮುಗಿದ ಪ್ರತಿಯೊಂದು ಫೋನನ್ನೂ ಗಿರಾಕಿಯ ಎದುರಿಗೇ ಬೆಂಚ್‌ಮಾರ್ಕ್ ಆಪಿನಲ್ಲಿ ಪರೀಕ್ಷೆಗೆ ಕೂರಿಸುವುದು ಅವಳ ಮಳಿಗೆಯ ನೇಮ. ಆ ಆಪು ಪ್ರೊಸೆಸರಿಗೆ ಗಡಚು ಲೆಕ್ಕಗಳನ್ನು ಕೊಡುತ್ತದೆ, ಕಾಡು ಬೆಟ್ಟ ಜಲಪಾತಗಳ ಚಿತ್ರ ಬಿಡಿಸೆನ್ನುತ್ತದೆ, ಓಡಿಸಿ ಬಳಲಿಸಿ ಕೊನೆಗೆ ಅಂಕ ಕೊಡುತ್ತದೆ. ಅಂದು ಅವಳು ಹೊಸದಾಗಿ ಬಂದ ಆಪೊಂದನ್ನು ಹಾಕಿ ಪರೀಕ್ಷಿಸಿದಳು. ಅಂಕ ಬಂದದ್ದು ಒಂದು ಲಕ್ಷ ಚಿಲ್ಲರೆ. ಎಂಟು ಲಕ್ಷ ಕಂಡು ಅಭ್ಯಾಸವಿದ್ದ ಡಾಕ್ಟರು ಫೋನನ್ನು ಕಿತ್ತುಕೊಂಡು, ಬೇರೇನೂ ನೋಡದೆ, ನೆಟ್ಟಗೆ ಸಂಘದ ಅಧ್ಯಕ್ಷರ ಮನೆಯ ಮೆಟ್ಟಿಲು ಹತ್ತಿದ್ದರು.

"ಅಗಲ, ಇನ್ನೂ ಅಗಲ" ಎಂದು ಡಾಕ್ಟರು ಈಗ ಉಪದೇಶಿಸಿದರು.

ರೋಗಿಯ ಬಾಯಿ ತುಂಬಿರುವಾಗ ಅವನೊಡನೆ ಸಂಭಾಷಣೆ ನಡೆಸುವುದು ದಂತವೈದ್ಯರಿಗೆ ಯಾರು ಕೊಟ್ಟ ವರವೋ. ಡಾಕ್ಟರು ತಮ್ಮ ಶೋಕವನ್ನೆಲ್ಲ ತೋಡಿಕೊಂಡರು. ಫೋನು ಅತ್ತೆಯವರ ಉಡುಗೊರೆ. ಬಂದ ದಿನವೇ ಪರೀಕ್ಷೆ ಮಾಡಿ, ತೆರೆಯ ಮೇಲೆ ಮೂಡಿದ ಅಂಕದ ಚಿತ್ರವನ್ನು ಮುದ್ರಿಸಿ ಚೌಕಟ್ಟು ಹಾಕಿಸಿದ್ದರು. ಸಾಹೇಬರು ಕಣ್ಣು ಹೊರಳಿಸಿ ನೋಡಿದರು. ಗೋಡೆಯ ಮೇಲೆ ಡಾಕ್ಟರ ಪದವಿಪತ್ರದ ಪಕ್ಕದಲ್ಲಿ, ಅದಕ್ಕಿಂತ ತುಸು ಮೇಲೆಯೇ, ಬಂಗಾರದ ಬಣ್ಣದ ಚೌಕಟ್ಟಿನೊಳಗೆ ಆ ಸಂಖ್ಯೆ ವಿರಾಜಿಸುತ್ತಿತ್ತು: ಎಂಟು ಲಕ್ಷದ ಹದಿನೇಳು ಸಾವಿರದ ನಾನೂರ ಆರು.

"ದಿನಾ ಬೆಳಿಗ್ಗೆ ಮೊದಲನೇ ಪೇಷಂಟ್ ಬರೋಕೆ ಮುಂಚೆ ಒಂದು ಸಲ ಓಡಿಸಿ ನೋಡ್ತಿದ್ದೆ ಸಾರ್," ಎಂದರು ಡಾಕ್ಟರು, ಕೊರೆಯುವ ಯಂತ್ರವನ್ನು ಸಾಹೇಬರ ಮೂಗಿನ ಮೇಲೆ ತಡೆಹಿಡಿದು. "ಒಂದಂಕಿ ಆಚೆಯಿಲ್ಲ, ಒಂದಂಕಿ ಈಚೆಯಿಲ್ಲ. ನಾನೂರ ಆರು ಅಂದ್ರೆ ನಾನೂರ ಆರು. ಮನುಷ್ಯರ ಹಲ್ಲು ಸವೆಯುತ್ತೆ, ಅದು ಸವೆಯಲಿಲ್ಲ."

ಸಾಹೇಬರ ಕಿವಿಗಳು ನಿಮಿರಿದವು.

ಅವರು ಆಯುಷ್ಯದ ಬಹುಭಾಗವನ್ನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಕಳೆದವರು. ಫೋನಿನ ವಿಚಾರದಲ್ಲಿ ಅವರ ಪಾಂಡಿತ್ಯ ಅಷ್ಟಕ್ಕಷ್ಟೆ. ಪ್ರೊಸೆಸರಿಗೆ 'ಕೋರು'ಗಳಿರುತ್ತವೆಂದು ಸೋದರಸೊಸೆ ಚಿಮಟ ಹೇಳಿದಾಗ, ಹಂದಿಗಿರುವಂಥ ಕೋರೆಯೇ ಎಂದು ಕೇಳಿ ಇಡೀ ಮಳಿಗೆಯನ್ನು ನಗಿಸಿದ್ದರು. ಆದರೆ ಅಳತೆಯೆಂದರೆ ಏನೆಂಬುದು ಅವರ ರಕ್ತದಲ್ಲಿತ್ತು. ಒಮ್ಮೆ ತರಕಾರಿ ಸಾಲಿನಲ್ಲಿ, ಯಾರು ಏನಿಟ್ಟರೂ ತಟ್ಟನೆ ನೆಟ್ಟಗೆ ನಿಲ್ಲುವ ತಕ್ಕಡಿಯ ಮುಳ್ಳನ್ನು ಜನರೆಲ್ಲ ಕೊಂಡಾಡುತ್ತಿದ್ದಾಗ, ಇವರು ಮಾತ್ರ ಅದರ ಬುಡವನ್ನು ಬಿಚ್ಚಿಸಿ ಅಯಸ್ಕಾಂತವನ್ನು ಹೊರಗೆಳೆದಿದ್ದರು. ನಿಜವಾದ ಮುಳ್ಳು ನಡುಗುತ್ತದೆ. ಗಾಳಿಗೆ, ಉಸಿರಿಗೆ, ತೂಗುವವನ ಕೈಯ ಅಳುಕಿಗೆ ನಡುಗಿ, ಆಮೇಲೆ ಸತ್ಯಕ್ಕೆ ಬಂದು ನಿಲ್ಲುತ್ತದೆ. ನಡುಗಲೇ ಒಲ್ಲದ ಮುಳ್ಳನ್ನು ಯಾರೋ ಹಿಡಿದುಕೊಂಡಿರುತ್ತಾರೆ.

ಅವರು ಎದ್ದು ಕೂರಲು ಹೊರಟು, ಹತ್ತಿಯ ಸಂದಿನಿಂದ ಏನನ್ನೋ ಘೋಷಿಸಿದರು. ಡಾಕ್ಟರಿಗೆ ಅದು ನೋವಿನ ನರಳಾಟವಾಗಿ ಕೇಳಿಸಿತು. ಕನಿಕರದಿಂದ ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ಇದರ ಫಲವಾಗಿ, ಪತ್ತೇದಾರಿಕೆಯ ಇತಿಹಾಸದಲ್ಲಿ ಹಿಂದೆಂದೂ ನಡೆದಿರಲಾರದ ರೀತಿಯಲ್ಲಿ, ಮುಖಾಮುಖಿಯ ಹೊತ್ತಿಗೆ ಪತ್ತೇದಾರರ ಎಡಗೆನ್ನೆಯೂ ಅರ್ಧ ನಾಲಿಗೆಯೂ ಅವರ ಸ್ವಾಧೀನದಲ್ಲಿರಲಿಲ್ಲ. ಹತ್ತಿಯನ್ನು ಉಗಿದು, ಬಾಗಿಲತ್ತ ಬೆರಳು ಮಾಡಿ, ಅವರು ಹೊರಗೆ ಕಾಯುತ್ತಿದ್ದ ಸೊಸೆಯನ್ನು ಕರೆದರು. ಮೂರು ಸಲ ಕರೆದ ಮೇಲೆ ಅದು ಕರೆಯೆಂದು ಹೊರಗಿನ ಕೋಣೆಗೆ ತಿಳಿಯಿತು.

ಚಿಮಟ ಒಳಗೆ ಬಂದಳು. ಅವಳ ಹಿಂದೆ, ಹೊರಗಿನ ಮೇಜಿನಲ್ಲಿ ಕುಳಿತು ರೋಗಿಗಳಿಗೆ ಟೋಕನ್ ಹಂಚುವ ಡಾಕ್ಟರ ಅತ್ತೆಯವರೂ ಬಂದರು. ಅಳಿಯನ ಕ್ಲಿನಿಕ್ಕಿನಲ್ಲಿ ತಮಗೆ ಗೊತ್ತಿಲ್ಲದೆ ನೊಣವೂ ಕೂಗಬಾರದೆಂಬುದು ಅವರ ಶಿಸ್ತು. ಟೋಕನ್ನುಗಳ ಡಬ್ಬಿ ಕಂಕುಳಲ್ಲೇ ಇತ್ತು.

ಚಿಮಟಳನ್ನು ಕಂಡು ಡಾಕ್ಟರ ಮುಖ ಬಿಗಿಯಿತು. ತಾವು ಇವಳ ಸೋದರಮಾವನೆಂದು ಸಾಹೇಬರು ತಿಳಿಸಿದರು. ಅವರ ಮಾತು ತುಟಿಯ ಒಂದೇ ಕಡೆಯಿಂದ ಸೋರಿ ಬಂದುದರಿಂದ ಚಿಮಟ ಅದನ್ನು ಸರಿಯಾದ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದಳು.

"ಮೊದಲೇ ಹೇಳಿದ್ರೆ ಇಂಜೆಕ್ಷನ್ ಇಲ್ಲದೇನೇ ಶುರು ಮಾಡ್ತಿದ್ದೆ," ಎಂದರು ಡಾಕ್ಟರು.

ಸಾಹೇಬರು ಏನೋ ಉಸುರಿದರು.

"ಫೋನು ತೋರಿಸಬೇಕಂತೆ," ಎಂದಳು ಚಿಮಟ. "ನಾನು ಮುಟ್ಟೋದಿಲ್ಲ ಡಾಕ್ಟ್ರೇ. ನಾನು ಹೇಳ್ತೀನಿ, ನೀವೇ ಒತ್ತಿ."

ಸಂಘದ ಮುಂದೆ ಹಾಜರುಪಡಿಸಲೆಂದು ಡಾಕ್ಟರು ಫೋನನ್ನು ಇಕ್ಕಳ ಸೂಜಿಗಳನ್ನು ಶುದ್ಧೀಕರಿಸಿಡುವ ಕಾಗದದ ಚೀಲದಲ್ಲಿ ಹಾಕಿ, ಬಾಯಿ ಅಂಟಿಸಿ, ಭದ್ರವಾಗಿ ಇಟ್ಟಿದ್ದರು. ಅಭ್ಯಾಸಬಲದಿಂದ ಆವಿಯ ಪೆಟ್ಟಿಗೆಯೊಳಗೂ ಇಡಹೊರಟಿದ್ದರೆಂದೂ ತಾವೇ ಕೈ ಹಿಡಿದು ನಿಲ್ಲಿಸಿದ್ದೆಂದೂ ಅತ್ತೆಯವರು ಸಭೆಗೆ ತಿಳಿಸಿದರು. ಡಾಕ್ಟರು ಅತ್ತೆಯವರನ್ನೊಮ್ಮೆ ನೋಡಿ ಚೀಲ ಹರಿದರು.

ಮೊದಲು ಹಳೆಯ ಆಪು, ಡಾಕ್ಟರು ದಿನವೂ ಓಡಿಸುತ್ತಿದ್ದದ್ದು. ತೆರೆಯ ಮೇಲೆ ಜಲಪಾತ ಧುಮುಕಿತು, ಹಕ್ಕಿಗಳು ಹಾರಿದವು, ಕೋಟೆಯೊಂದು ಗರಗರನೆ ತಿರುಗಿತು. ನಾಲ್ವರೂ ತಲೆಗೆ ತಲೆ ತಾಗಿಸಿ, ಕುರ್ಚಿಯ ಮೇಲಿನ ದೀಪದ ಬೆಳಕಿನಲ್ಲಿ ನೋಡಿದರು. ಅಂಕ ಮೂಡಿತು.

ಎಂಟು ಲಕ್ಷದ ಹದಿನೇಳು ಸಾವಿರದ ನಾನೂರ ಆರು.

ಡಾಕ್ಟರ ಕಣ್ಣಲ್ಲಿ ನೀರೇ ಬಂತು. ಕಳೆದುಹೋದ ಕೂಸು ತಾನಾಗಿ ಮನೆಗೆ ಬಂದಂತೆ ಫೋನನ್ನು ಎದೆಗೊತ್ತಿಕೊಂಡು, ಪ್ರೊಸೆಸರ್ ವಾಪಸು ಬಂತೆಂದೂ, ತಾವು ದೂರನ್ನು ಹಿಂತೆಗೆದುಕೊಳ್ಳುತ್ತೇವೆಂದೂ, ಹುಡುಗಿಯ ಮೇಲೆ ತಮಗೆ ಯಾವ ವೈಮನಸ್ಸೂ ಇಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿದರು.

ಅಷ್ಟಕ್ಕೆ ಕೈ ತೊಳೆದುಕೊಂಡು ಏಳಬಹುದಿತ್ತು. ಮಳಿಗೆ ಉಳಿಯುತ್ತಿತ್ತು, ಹಲ್ಲೂ ಉಳಿಯುತ್ತಿತ್ತು. ಆದರೆ ಕಳ್ಳ ತಕ್ಕಡಿಯನ್ನು ಕಂಡೂ ಮುಂದಿನ ಅಂಗಡಿಗೆ ನಡೆದ ಅಭ್ಯಾಸ ಸಾಹೇಬರಿಗಿರಲಿಲ್ಲ. ಅಲ್ಲದೆ ಚಿಮಟಳೇ ಒಪ್ಪಲಿಲ್ಲ.

"ವಾಪಸು ಬಂತು ಅಂದ್ರೆ, ನಾನು ಕದ್ದು ವಾಪಸು ಇಟ್ಟೆ ಅಂತಾಗುತ್ತೆ ಡಾಕ್ಟ್ರೇ," ಎಂದಳು. "ಹೊಸ ಆಪನ್ನೂ ಒತ್ತಿ."

ಹೊಸ ಆಪು ಓಡಿತು, ಓಡಿತೆನ್ನುವುದಕ್ಕಿಂತ ತೆವಳಿತು. ಹಕ್ಕಿಗಳು ಆಕಾಶದಲ್ಲಿ ಅಲ್ಲಲ್ಲೇ ನಿಂತು ಯೋಚಿಸುತ್ತಾ ಹಾರಿದವು. ಅಂಕ ಒಂದು ಲಕ್ಷ ಚಿಲ್ಲರೆ. ಎರಡನೆಯ ಸಲ ಓಡಿಸಿದಾಗಲೂ ಒಂದು ಲಕ್ಷ ಚಿಲ್ಲರೆಯೇ. ಆದರೆ ಚಿಲ್ಲರೆ ಬೇರೆ. ಮೂರನೆಯ ಸಲ ಮತ್ತೊಂದು ಚಿಲ್ಲರೆ.

ಸಾಹೇಬರ ಮುಖದ ಬಲಭಾಗ ಬೆಳಗಿತು. ಎಡಭಾಗ ಎಂದಿನಂತೆ ಜೋತುಬಿದ್ದಿತ್ತು. ಅವರು ಸೊಸೆಯ ಕಿವಿಯಲ್ಲಿ ದೀರ್ಘವಾಗಿ ನುಡಿದರು. ಚಿಮಟ ಕಿವಿಯನ್ನು ಒರೆಸಿಕೊಂಡು ತಾತ್ಪರ್ಯ ಹೇಳಿದಳು. ಫೋನಿನೊಳಗೆ ಯಾರೋ ಒಂದು ಸುಳ್ಳನ್ನು ಕೂರಿಸಿದ್ದಾರೆ. ಹಳೆಯ ಪರೀಕ್ಷಕನ ಮುಖ ಅದಕ್ಕೆ ಪರಿಚಯ; ಅವನು ಬಂದನೆಂದರೆ ಲೆಕ್ಕವನ್ನೇ ಮಾಡದೆ ಬಾಯಿಪಾಠ ಒಪ್ಪಿಸಿಬಿಡುತ್ತದೆ. ಹೊಸ ಪರೀಕ್ಷಕ ಅಪರಿಚಿತ, ಅವನ ಮುಂದೆ ಇದ್ದ ಬುದ್ಧಿಯನ್ನೇ ತೋರಿಸಬೇಕಾಯಿತು. ಒಳಗಿರುವುದು ಮೊದಲಿನಿಂದಲೂ ಅಗ್ಗದ ಪ್ರೊಸೆಸರೇ.

ಡಾಕ್ಟರು ಇದನ್ನು ಒಪ್ಪಲಿಲ್ಲ. ಫೋನಿನ ವಿವರಗಳ ಪುಟ ತೆರೆದು, ಪ್ರೊಸೆಸರಿನ ಹೆಸರು ಇಲ್ಲೇ ಬರೆದಿದೆಯಲ್ಲ ಎಂದು ತೋರಿಸಿದರು. ಬೋರ್ಡಿನ ಮೇಲೆ ಬರೆದದ್ದೆಲ್ಲ ಅಂಗಡಿಯ ಒಳಗಿರುವುದಾದರೆ ತಮಗೆ ಇಲಾಖೆಯಲ್ಲಿ ಕೆಲಸವೇ ಇರುತ್ತಿರಲಿಲ್ಲವೆಂದು ಸಾಹೇಬರು ಉತ್ತರಿಸಿದರು. ಆಮೇಲೆ ಹಳೆಯ ಆಪನ್ನು ಮತ್ತೆ ಮತ್ತೆ ಓಡಿಸಲು ಹೇಳಿ, ಪ್ರತಿ ಬಾರಿಯೂ ಅದೇ ನಾನೂರ ಆರು ಬಂದ ಮೇಲೆ, ಫೋನನ್ನು ತೆಗೆದು ತಮ್ಮ ಎಡಗೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಮಾವ, ಆ ಕೆನ್ನೆ ಅಲ್ಲ," ಎಂದಳು ಚಿಮಟ. "ಅದಕ್ಕೆ ಜೀವ ಇಲ್ಲ."

ಬಲಗೆನ್ನೆಗೆ ಫೋನು ತಣ್ಣಗಿತ್ತು, ಕೊಡದ ಬುಡದಷ್ಟು ತಣ್ಣಗೆ. ಎಂಟು ಲಕ್ಷ ಅಂಕ ಗಳಿಸುವಷ್ಟು ದುಡಿದ ಪ್ರೊಸೆಸರು ಕಾದ ಕಾವಲಿಯಾಗಬೇಕಿತ್ತೆಂದೂ, ಕಾದಂತೆ ಏದುಸಿರು ಬಂದು ಅಂಕ ಇಳಿಯಬೇಕಿತ್ತೆಂದೂ ಚಿಮಟ ವಿವರಿಸಿದಳು. ಸಾಹೇಬರು ಅದನ್ನು ಅತ್ತೆಯವರ ಅಂಗೈಗೂ ಮುಟ್ಟಿಸಿದರು. ಅವರು ಟೋಕನ್ ಡಬ್ಬಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದರು. ಅದು ಸಾಹೇಬರ ಗಮನಕ್ಕೆ ಬಂತು.

"ಸರಿ, ಸುಳ್ಳೇ ಕೂತಿದೆ ಅಂತಿಟ್ಕೊಳ್ಳೋಣ," ಎಂದರು ಡಾಕ್ಟರು. ದನಿ ಇಳಿದಿದ್ದರೂ ಬುದ್ಧಿ ಚುರುಕಾಗಿಯೇ ಇತ್ತು. "ಅದನ್ನ ಕೂರಿಸಿದ್ದು ಇವಳೇ ಯಾಕಾಗಿರಬಾರದು? ಅಸಲಿ ತೆಗೆದು, ನಕಲಿ ಹಾಕಿ, ನನ್ನ ಸಮಾಧಾನಕ್ಕೆ ಹಳೇ ಅಂಕ ತೋರಿಸೋ ಹಾಗೆ ಮಾಡಿರಬಹುದಲ್ಲ."

ಪ್ರಶ್ನೆ ನ್ಯಾಯವಾದದ್ದು. ಚಿಮಟಳ ಮುಖ ಬಿಳಿಚಿತು. ಅವಳು ತಲೆಯ ಗಂಟಿನಿಂದ ಚಿಮಟವನ್ನು ತೆಗೆದು, ಏನು ಮಾಡುವುದೆಂದು ತೋಚದೆ ಮತ್ತೆ ಅಲ್ಲಿಗೇ ಸಿಕ್ಕಿಸಿದಳು.

ಸಾಹೇಬರು ಕುರ್ಚಿಯಿಂದ ಇಳಿದರು. ಕೊರಳಲ್ಲಿ ಕಟ್ಟಿದ ಕಾಗದದ ಎದೆಹೊದಿಕೆಯ ಸಮೇತ, ರಾಜಗಾಂಭೀರ್ಯದಿಂದ ಗೋಡೆಯವರೆಗೆ ನಡೆದು, ಬಂಗಾರದ ಚೌಕಟ್ಟಿನ ಮೇಲೆ ಬೆರಳಿಟ್ಟರು. ಈ ಬಾರಿ ಅನುವಾದ ಬೇಕಾಗಲಿಲ್ಲ. ಫೋನು ಉಡುಗೊರೆಯಾಗಿ ಬಂದ ದಿನದ ಅಂಕ ಅಲ್ಲಿತ್ತು. ಅದೇ ನಾನೂರ ಆರು. ಅಂದು ಗಾಜು ಒಡೆದಿರಲಿಲ್ಲ. ಫೋನು ಚಿಮಟಳ ಮಳಿಗೆಯನ್ನು ಕನಸಿನಲ್ಲೂ ಕಂಡಿರಲಿಲ್ಲ. ಬಾಯಿಪಾಠ ಅಂದೇ ಶುರುವಾಗಿತ್ತು.

ಡಾಕ್ಟರು ಚೌಕಟ್ಟನ್ನು ನೋಡಿದರು. ತಾವೇ ಮೊಳೆ ಹೊಡೆದು, ತಾವೇ ಧೂಳು ಒರೆಸುತ್ತ ಬಂದ ಚೌಕಟ್ಟು. ಬಳಿಕ ಎಲ್ಲರ ಕಣ್ಣುಗಳೂ ಒಂದೊಂದಾಗಿ ಅತ್ತೆಯವರತ್ತ ತಿರುಗಿದವು.

"ನನ್ನ ಹಾಗ್ಯಾಕೆ ನೋಡ್ತೀರಿ ಅಳಿಯಂದಿರೇ?" ಎಂದರು ಅವರು. "ಪೆಟ್ಟಿಗೆ ಚೆನ್ನಾಗಿತ್ತು, ಹೊಳೀತಿತ್ತು. ತೂಗಿ ನೋಡೋಕೆ ಅದೇನು ಕುಂಬಳಕಾಯಾ?"

ಅಂಗಡಿ ಯಾವುದೆಂದು ಕೇಳಿದಾಗ ಅಂಗಡಿಯಲ್ಲ ಎಂದರು. ಹೊಲಿಗೆ ಕ್ಲಾಸಿನಲ್ಲಿ ತಮ್ಮ ಪಕ್ಕದ ಮಿಷನ್ನಿನಲ್ಲಿ ಕೂರುವ ಹೆಂಗಸೊಬ್ಬಳು, ನಂಬಿಕಸ್ತರಿಗೆ ಮಾತ್ರ ಎಂದು ಗುಟ್ಟಾಗಿ ತರಿಸಿಕೊಡುತ್ತಿದ್ದಳು. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿದೆ. ಅಳಿಯನ ಫೋನು ಹೋದರೂ ಚಿಂತೆಯಿಲ್ಲ, ಕೊಟ್ಟ ಮಾತು ಹೋಗಬಾರದೆಂದರು. ಗಟ್ಟಿಗಿತ್ತಿಯೆಂದು ಅವಳನ್ನು ಹೊಗಳಲೂ ಮರೆಯಲಿಲ್ಲ: ಗುಂಡಿಯ ಕಾಜಾ ಹೊಲಿಯುವುದರಲ್ಲಿ ಇಡೀ ಕ್ಲಾಸಿಗೆ ಮೊದಲಿಗಳಂತೆ, ತನ್ನ ಯಜಮಾನರಿಗೂ ಇಂಥದ್ದೇ ಒಂದು ಕೊಟ್ಟಿದ್ದಾಳಂತೆ, ಅವರು ಮೂರು ಹೊತ್ತೂ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ತಿರುಗುತ್ತಾರಂತೆ.

ಡಾಕ್ಟರಿಗೆ ಒಂದು ಕೊನೆಯ ಆಸೆ ಉಳಿದಿತ್ತು. ಮುಳುಗುವವನ ಕೈಗೆ ಸಿಕ್ಕ ಹಗ್ಗದಂತೆ ಅವರು ಅದನ್ನೇ ಹಿಡಿದರು.

"ಎಲ್ಲಾ ಸರಿ ಸಾರ್. ಆದ್ರೆ ಈ ಮಾಡೆಲ್ಲೇ ಅಷ್ಟು ಸ್ಥಿರ ಇರಬಹುದಲ್ಲ? ಹೊಸ ಆಪೇ ಸರಿಯಿಲ್ಲದೆ ಇರಬಹುದಲ್ಲ? ನಿಮ್ಮ ಬೆಲ್ಟಿನ ಚೀಲದಿಂದ ಇಣುಕ್ತಿರೋದೂ ಇದೇ ಮಾಡೆಲ್ ಅಲ್ವಾ? ಅದರಲ್ಲಿ ಓಡಿಸಿ ತೋರಿಸಿ. ಅದು ನಡುಗಿದ್ರೆ ನಾನು ಒಪ್ಕೋತೀನಿ. ಸಂಘದ ಮುಂದೆ ಈ ಹುಡುಗಿಗೆ ಕೈ ಮುಗಿದು ತಪ್ಪಾಯ್ತು ಅಂತೀನಿ."

ಸಾಹೇಬರ ಎದೆ ಹಿಗ್ಗಿತು. ಚರ್ಮದ ಚೀಲದಿಂದ ಅವರು ಫೋನನ್ನು ಹೊರತೆಗೆದ ಠೀವಿಯಲ್ಲಿ ಹಳೆಯ ದಿನಗಳ ಇಲಾಖೆಯ ಮುದ್ರೆ ಹೊಳೆಯಿತು. ನಿವೃತ್ತಿಯ ದಿನ ಮಡದಿ ಕೈಯಾರೆ ಕೊಟ್ಟ ಫೋನು ಅದು. ಅವರು ಒಂದು ದಿನವೂ ಅದನ್ನು ಪರೀಕ್ಷಿಸಿದವರಲ್ಲ. ಜಗತ್ತಿನ ತಕ್ಕಡಿಗಳನ್ನೆಲ್ಲ ತೂಗಿ ನೋಡಿದರೂ ಮನೆಯವರು ಕೊಟ್ಟದ್ದನ್ನು ತೂಗಿ ನೋಡುವುದು ಸಂಸಾರಧರ್ಮವಲ್ಲವೆಂಬುದು ಅವರ ನಿಷ್ಠೆ. ಇಂದು ಮಾತ್ರ ಧರ್ಮಕಾರ್ಯಕ್ಕಾಗಿ ಅಪವಾದ. ಮನದಲ್ಲೇ ಇಷ್ಟದೈವವನ್ನು ನೆನೆದು, ಸೊಸೆಯ ಕೈಗಿತ್ತರು.

ಚಿಮಟ ಹಳೆಯ ಆಪನ್ನು ಹಾಕಿ ಗುಂಡಿ ಒತ್ತಿದಳು. ಜಲಪಾತ ಧುಮುಕಿತು. ಕೋಟೆ ತಿರುಗಿತು. ಅಂಕ ಮೂಡಿತು.

ಯಾರೂ ಓದಲಿಲ್ಲ. ಓದಬೇಕಾದ ಅಗತ್ಯವಿರಲಿಲ್ಲ, ಗೋಡೆಯ ಮೇಲೆ ಅದೇ ಸಂಖ್ಯೆ ಬಂಗಾರದ ಚೌಕಟ್ಟಿನಲ್ಲಿ ತೂಗುತ್ತಿತ್ತು.

"ಇನ್ನೊಂದು ಸಲ," ಎಂದರು ಸಾಹೇಬರು. ನಾಲಿಗೆಯ ಅರ್ಧದಿಂದಲೇ ಬಂದರೂ ಆ ಮಾತು ಎಲ್ಲರಿಗೂ ಅರ್ಥವಾಯಿತು.

ಇನ್ನೊಂದು ಸಲವೂ ನಾನೂರ ಆರು.

ಚಿಮಟ ಫೋನಿನ ಬೆನ್ನನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಿಸಿಯಿದೆಯೇ ಎಂದು ಮಾವನವರು ಕಣ್ಣಿನಲ್ಲೇ ಕೇಳಿದರು. ಅವಳು ನೆಲ ನೋಡಿದಳು. ಅತ್ತೆಯವರು ಮಾತ್ರ ಸಾಹೇಬರ ಸೊಂಟದ ಖಾಲಿ ಚೀಲವನ್ನು ನೋಡುತ್ತಿದ್ದರು. ಅದರ ಅಂಚಿನಲ್ಲಿ ಕೈಹೊಲಿಗೆಯ ಕಾಜಾ ಒಂದಿತ್ತು. ಬಹಳ ನಾಜೂಕಾಗಿ ಹೊಲಿದದ್ದು.

ಸರಿಯಾಗಿ ಆಗಲೇ ಚಿಮಟಳ ಕೈಯಲ್ಲಿದ್ದ ಫೋನು ರಿಂಗಣಿಸಿತು. ತೆರೆಯ ಮೇಲೆ 'ಮನೆಯವರು' ಎಂದು ಮೂಡಿತು. ಬೆಚ್ಚಿದ ಅವಳ ಬೆರಳು ಎಲ್ಲಿ ತಗುಲಿತೋ, ದನಿ ಇಡೀ ಕೋಣೆಗೆ ಕೇಳುವಂತೆ ಹೊರಬಿತ್ತು.

"ಹಲ್ಲು ಕಿತ್ತರೇನ್ರೀ?" ಎಂದಿತು ದನಿ. ಉತ್ತರಕ್ಕೆ ಕಾಯಲಿಲ್ಲ. "ಕೇಳಿ ಇಲ್ಲಿ. ಸಂಜೆ ಸಂಘಕ್ಕೆ ಹೋಗೋ ಮುಂಚೆ ನೆಟ್ಟಗೆ ಮನೆಗೆ ಬನ್ನಿ. ಅಲ್ಲೀವರೆಗೂ ಆ ಫೋನನ್ನ ಯಾರ ಕೈಗೂ ಕೊಡಬೇಡಿ. ನಮ್ಮ ಚಿಮಟನ ಕೈಗಂತೂ ಕೊಡಲೇಬೇಡಿ."

ಟೋಕನ್ನಿನ ಡಬ್ಬಿ ಅತ್ತೆಯವರ ಕಂಕುಳಿಂದ ಜಾರಿ, ಬಿಲ್ಲೆಗಳು ನೆಲದ ತುಂಬ ಉರುಳಿದವು. ಕೊಟ್ಟ ಮಾತಿಗೆ ತಪ್ಪದಂತೆ ಅವರು ಬಾಯಿಯನ್ನು ಎರಡು ಕೈಗಳಿಂದಲೂ ಮುಚ್ಚಿಕೊಂಡಿದ್ದರು. ಅದಕ್ಕಿಂತ ಸ್ಪಷ್ಟವಾಗಿ ಹೆಸರು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಡಾಕ್ಟರು ನಿಧಾನವಾಗಿ ತಮ್ಮ ಕೈಗವಸುಗಳನ್ನು ಕಳಚಿದರು.

"ಯಾಕ್ರೀ ಸುಮ್ಮನಿದ್ದೀರಿ?" ಎಂದು ಫೋನು ಕೇಳಿತು. "ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

ಸಾಹೇಬರ ತುಟಿಗಳು ಅಲುಗಿದವು. ಅದರಿಂದ ಏನು ಹೊರಬಂತೋ, ಅದು ಚಿಮಟಳಿಗೊಬ್ಬಳಿಗೇ ಅರ್ಥವಾಗುವಂಥದ್ದು. ಅವಳು ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡು, ಮಾವನ ಮಾತನ್ನೇ ದಾಟಿಸುವುದೋ, ತನ್ನ ಮಳಿಗೆಯನ್ನು ಉಳಿಸಲು ಆ ಫೋನುಗಳನ್ನು ಎಲ್ಲಿಂದ ತರಿಸಿದ್ದೆಂದು ಎಲ್ಲರೆದುರೇ ಕೇಳಿಬಿಡುವುದೋ ಎಂದು ತಿಳಿಯದೆ, ಅವರ ಮುಖದ ಜೀವವಿದ್ದ ಅರ್ಧವನ್ನೇ ನೋಡುತ್ತ ನಿಂತಳು.